‘ಇಲ್ಲಿ ಗೊತ್ತಿಲ್ಲ’ ಎಂಬುದಕ್ಕೆ ಅರ್ಧ ಅಂಕ

ಆಗಸ್ಟ್ 8, 2011, ಸೋಮವಾರ

ಡಿಪ್ಲೊಮಾ ಮ್ಯಾಥ್ಸನ್ನು ಕೊನೆಗೂ ನನ್ನ ತಲೆಗೆ ಕಟ್ಟಿದರು. ಪಾಲಿಟೆಕ್ನಿಕ್ ಮುಗಿಸಿ ನೇರವಾಗಿ ಎರಡನೇ ವರ್ಷದ ಎಂಜಿನಿಯರಿಂಗಿಗೆ ಸೇರಿಕೊಳ್ಳುವವರಿಗೆ ಗಣಿತ ಸಾಲದೆಂದು ವಿಶ್ವವಿದ್ಯಾಲಯ ಹಾಕಿರುವ ಹೆಚ್ಚುವರಿ ವಿಷಯ ಅದು. ಅದರ ಅಂಕ ಯಾವ ಮೊತ್ತಕ್ಕೂ ಸೇರುವುದಿಲ್ಲ, ಆದರೆ ಪಾಸಾಗದಿದ್ದರೆ ಡಿಗ್ರಿ ಕೊಡುವುದಿಲ್ಲ. ಹೀಗಾಗಿ ಓದುವವರಿಗೂ ಬೇಡ, ಪಾಠ ಮಾಡುವವರಿಗೂ ಬೇಡ. ಇಷ್ಟು ವರ್ಷ ಏನೇನೋ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಈ ಸಲ ನೆಪಗಳು ಮುಗಿದಿದ್ದವು.

ಪ್ರಿನ್ಸಿಪಾಲ್ ಲಕ್ಷ್ಮಯ್ಯನವರು ಕರೆದು ಕಾಫಿ ಕೊಟ್ಟು ಸಮಾಧಾನ ಹೇಳಿದರು. ನವೆಂಬರಿನಲ್ಲಿ ಮಾನ್ಯತೆ ಸಮಿತಿ ಬರುತ್ತದಂತೆ. ಅಷ್ಟರೊಳಗೆ ನನ್ನ ಪ್ರಬಂಧ ವಿದೇಶದ ಜರ್ನಲ್ಲಿನಲ್ಲಿ ಒಪ್ಪಿಗೆಯಾದರೆ ಕಾಲೇಜಿಗೆ ಗಣಿತದ ಸಂಶೋಧನಾ ಕೇಂದ್ರ, ಅದಕ್ಕೆ ನಾನೇ ಮುಖ್ಯಸ್ಥೆ, ಆಮೇಲೆ ಒಂದು ಕ್ಲಾಸೂ ಇಲ್ಲ. ಅವರು ಸಿವಿಲ್ಲಿನವರು, ಕಟ್ಟಡ ತೋರಿಸಿಯೇ ಮಾತಾಡುತ್ತಾರೆ. ಹೊಸ ಬ್ಲಾಕಿನ ಮೂಲೆಯ ಕೋಣೆಯನ್ನು ಕಿಟಕಿಯಿಂದಲೇ ತೋರಿಸಿದರು. ಅದಕ್ಕೆ ಬಾಗಿಲಿದೆ, ಒಳಗಿನಿಂದ ಚಿಲಕವೂ ಇದೆ.

ಇಪ್ಪತ್ತು ವರ್ಷಕ್ಕೂ ಮೇಲೆ ಪಾಠ ಮಾಡಿದ್ದೇನೆ. ನನಗೆ ಬೇಕಿರುವುದು ಆ ಚಿಲಕ ಒಂದೇ.

ಆಗಸ್ಟ್ 11, ಗುರುವಾರ

ಎಷ್ಟು ಗೊತ್ತಿದೆ ನೋಡೋಣ ಎಂದು ಒಂದು ಸಣ್ಣ ಟೆಸ್ಟ್ ಕೊಟ್ಟೆ. ಎಡಪಕ್ಕ ಬಲಪಕ್ಕಕ್ಕೆ ಸಮ ಎಂದು ಸಾಧಿಸಬೇಕು, ಅಷ್ಟೆ.

ಎಲ್ಲರದ್ದೂ ಒಂದೇ ಕಸುಬು. ಎಡಪಕ್ಕವನ್ನು ಪ್ರಶ್ನೆಯಿಂದ ಇಳಿಸಿಕೊಂಡು ಮೇಲಿನಿಂದ ಎರಡು ಸಾಲು ಬರೆಯುವುದು. ಬಲಪಕ್ಕವನ್ನೂ ಪ್ರಶ್ನೆಯಿಂದಲೇ ಇಳಿಸಿಕೊಂಡು ಕೆಳಗಿನಿಂದ ಎರಡು ಸಾಲು ಹತ್ತುವುದು. ನಡುವೆ ಒಂದು ಸಮ ಚಿಹ್ನೆ ಹಾಕಿ ಎರಡನ್ನೂ ಕೂಡಿಸಿ, ಕೊನೆಗೆ ದಪ್ಪ ಅಕ್ಷರದಲ್ಲಿ ‘ಹೆನ್ಸ್ ಪ್ರೂವ್ಡ್’ ಎಂದು ಬರೆದು ಅಡಿಗೆರೆ ಎಳೆಯುವುದು. ಅಡಿಗೆರೆಗೆ ಮಾತ್ರ ಸ್ಕೇಲ್ ಬಳಸುತ್ತಾರೆ. ಮೌಲ್ಯಮಾಪನ ಮಾಡುವವರಿಗೆ ಪುರುಸೊತ್ತಿರುವುದಿಲ್ಲ, ಮೊದಲ ಸಾಲು ಮತ್ತು ಕೊನೆಯ ಸಾಲು ನೋಡಿ ಅಂಕ ಹಾಕುತ್ತಾರೆ ಎಂಬುದು ಇವರಿಗೆಲ್ಲ ಹೇಗೋ ಗೊತ್ತು. ಅದೊಂದನ್ನು ಸರಿಯಾಗಿ ಕಲಿತಿದ್ದಾರೆ.

ಸವಿತಾ ಎಂಬ ಹುಡುಗಿಯದ್ದು ಎಲ್ಲಕ್ಕಿಂತ ಚೊಕ್ಕವಾದ ಮೋಸ. ಬೋರ್ಡಿಗೆ ಕರೆದು, ಈ ಸಾಲಿನಿಂದ ಆ ಸಾಲು ಹೇಗೆ ಬಂತು ಎಂದು ಕೇಳಿದೆ.

“ಬರ್ತದ್ರಿ ಮೇಡಂ,” ಎಂದಳು.

ಹೇಗೆ ಎಂದೆ. ತಾನಾಗೇ ಬರ್ತದ್ರಿ ಎಂದಳು. ಮೈ ಉರಿದುಹೋಯಿತು. ಎಲ್ಲರಿಗೂ ಸೊನ್ನೆ ಹಾಕಿದೆ.

ಆಗಸ್ಟ್ 17, ಬುಧವಾರ

ಅತ್ತಿಗೆ ಮುನಿಯಕ್ಕ ನನ್ನ ಸಂಶೋಧನೆ ಏನೆಂದು ಇಷ್ಟು ವರ್ಷಗಳ ನಂತರ ಇವತ್ತು ಕೇಳಿದರು. ಚುಕ್ಕಿ ಇಟ್ಟು ಗೆರೆಯಿಂದ ಸೇರಿಸುತ್ತೇವೆ, ಯಾವ ಚುಕ್ಕಿಗೆ ಯಾವ ನಂಬರು ಕೊಟ್ಟರೆ ಏನಾಗುತ್ತದೆ ಎಂದು ನೋಡುತ್ತೇವೆ ಎಂದೆ. ಸಂಜೆಯೊಳಗೆ ನಮ್ಮ ಬೀದಿಯಲ್ಲೆಲ್ಲ ನಾನು ರಂಗೋಲಿಯಲ್ಲಿ ಪಿಎಚ್.ಡಿ. ಮಾಡಿದ್ದೇನೆ ಎಂದು ಸುದ್ದಿಯಾಗಿತ್ತು. ನಮ್ಮೂರು ಸಿಂಗಸಂದ್ರದಿಂದ ಎಂ.ಎಸ್ಸಿ. ಓದಿದ ಮೊದಲ ಹೆಂಗಸು ನಾನು. ಅದು ಸುದ್ದಿಯಾಗಿರಲಿಲ್ಲ.

ಆಗಸ್ಟ್ 29, ಸೋಮವಾರ

ಜರ್ನಲ್ಲಿನಿಂದ ಉತ್ತರ ಬಂತು. ಪ್ರಬಂಧವನ್ನು ಓದಲು ಕೊಟ್ಟಿದ್ದ ಪಂಡಿತನ ಹೆಸರು ಹೇಳುವುದಿಲ್ಲ, ಅದು ಅವರ ಪದ್ಧತಿ. ಉಳಿದೆಲ್ಲ ಚೆನ್ನಾಗಿದೆಯಂತೆ. ಏಳನೇ ಪುಟದಲ್ಲಿ ನಾನು ‘ಇದರಿಂದ ಸುಲಭವಾಗಿ ಕಾಣುತ್ತದೆ’ ಎಂದು ಬರೆದು ಮುಂದಿನ ಸಾಲಿಗೆ ಹೋಗಿದ್ದೇನೆ. ಆ ಮಹಾಶಯನಿಗೆ ಅದು ಕಾಣುತ್ತಿಲ್ಲವಂತೆ. ದಯವಿಟ್ಟು ತೋರಿಸಬೇಕಂತೆ.

ಎಂಟು ವರ್ಷದ ಕೆಲಸ. ಕಣ್ಣಿದ್ದವರಿಗೆ ಕಾಣುತ್ತದೆ. ಹಬ್ಬದ ರಜೆಯಲ್ಲಿ ಕೂತು ಅರ್ಧ ಪುಟ ಬರೆದು ಅವನ ಮುಖಕ್ಕೆ ಹಿಡಿಯುತ್ತೇನೆ.

ಸೆಪ್ಟೆಂಬರ್ 2, ಶುಕ್ರವಾರ

ಗಣೇಶನ ಹಬ್ಬ ಮುಗಿಯಿತು. ಅರ್ಧ ಪುಟ ಆಗಲಿಲ್ಲ. ಕಡುಬು ಜಾಸ್ತಿ ತಿಂದೆ.

ಸೆಪ್ಟೆಂಬರ್ 5, ಸೋಮವಾರ

ಶಿಕ್ಷಕರ ದಿನ. ಪೆನ್ನು ಕೊಟ್ಟರು. ಏಳನೇ ಪುಟ ಅಲ್ಲೇ ಇದೆ.

ಸೆಪ್ಟೆಂಬರ್ 14, ಬುಧವಾರ

ಮೊದಲ ಇಂಟರ್ನಲ್ಸಿನ ಉತ್ತರ ಪುಸ್ತಕಗಳು. ಮತ್ತೆ ಅದೇ ಸ್ಕೇಲು, ಅದೇ ಅಡಿಗೆರೆ. ಕ್ಲಾಸಿಗೆ ಹೋಗಿ ಹೇಳಿದೆ: ಇನ್ನು ಮೇಲೆ ನಡುವಿನ ಸಾಲು ಗೊತ್ತಿಲ್ಲದಿದ್ದರೆ ಕೂಡಿಸಬೇಡಿ. ಎಲ್ಲಿ ಗೊತ್ತಿಲ್ಲವೋ ಅಲ್ಲಿ ‘ಇಲ್ಲಿ ಗೊತ್ತಿಲ್ಲ’ ಎಂದು ಕನ್ನಡದಲ್ಲೇ ಬರೆಯಿರಿ, ಅದಕ್ಕೆ ಅರ್ಧ ಅಂಕ ಕೊಡುತ್ತೇನೆ. ಕೂಡಿಸಿದರೆ ಇಡೀ ಲೆಕ್ಕಕ್ಕೆ ಸೊನ್ನೆ.

ಇದರಲ್ಲಿ ಬೋಧನೆ ಗೀಧನೆ ಏನೂ ಇಲ್ಲ. ಮೋಸ ಹುಡುಕುತ್ತ ಕೂರುವ ಸಮಯ ಉಳಿದರೆ ಏಳನೇ ಪುಟಕ್ಕೆ ಸಿಗುತ್ತದೆ, ಅದಕ್ಕೆ.

ಸೆಪ್ಟೆಂಬರ್ 28, ಬುಧವಾರ

ಟೆಸ್ಟ್ ಪುಸ್ತಕಗಳನ್ನು ಕಾಲೇಜ್ ಬಸ್ಸಿನಲ್ಲೇ ನೋಡಿದೆ. ಹೊಸೂರು ರಸ್ತೆಯ ಜಾಮ್ ಇಂಥದ್ದಕ್ಕೆ ಅನುಕೂಲ. ತುಂಬ ಜನ ‘ಇಲ್ಲಿ ಗೊತ್ತಿಲ್ಲ’ ಎಂದು ಬರೆದಿದ್ದಾರೆ. ಒಬ್ಬ ಪ್ರತಿ ಪ್ರಶ್ನೆಗೂ ಅದೊಂದನ್ನೇ ಬರೆದು ಅರ್ಧರ್ಧ ಅಂಕ ಸಂಪಾದಿಸಲು ನೋಡಿದ್ದಾನೆ. ಅವನ ಹೆಸರು ಯಮನೂರ. ನಾಳೆ ವಿಚಾರಿಸಿಕೊಳ್ಳುತ್ತೇನೆ.

ಸವಿತಾ ಇನ್ನೊಂದು ಮಾಡಿದ್ದಾಳೆ. ‘ಇಲ್ಲಿ ಗೊತ್ತಿಲ್ಲ’ ಎಂದು ಬರೆದು ಅದರ ಕೆಳಗೆ ‘ಕೆಳಗಿನ ಒಂದು ಎಲ್ಲಿ ಹೋಯಿತು?’ ಎಂದು ಕೇಳಿದ್ದಾಳೆ. ಛೇದದಲ್ಲಿದ್ದ ಒಂದು. ನೋಡಿದರೆ ಅರ್ಧ ಕ್ಲಾಸಿನ ಕಷ್ಟ ಅದೇ. ಯಾರೂ ಇವರಿಗೆ ಭಿನ್ನರಾಶಿಯನ್ನು ಸರಿಯಾಗಿ ಹೇಳಿಕೊಟ್ಟಿಲ್ಲ. ಇಷ್ಟು ದಿನದಿಂದ ನಾನು ಅದರ ಮೇಲೆ ಕಟ್ಟುತ್ತ ಕೂತಿದ್ದೆ. ನಾಳೆಯಿಂದ ಎರಡು ಕ್ಲಾಸು ಬರೀ ಭಿನ್ನರಾಶಿ. ಸಿಲಬಸ್ ಹಿಂದೆ ಬೀಳುತ್ತದೆ. ಬೀಳಲಿ.

ಅಕ್ಟೋಬರ್ 5, ಬುಧವಾರ

ಆಯುಧಪೂಜೆ. ಮೆಕ್ಯಾನಿಕಲ್‌ನವರು ಲೇತ್ ಮಷೀನಿಗೆ ಹಾರ ಹಾಕಿದರು, ಬಸ್ಸಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ನಮ್ಮ ವಿಭಾಗಕ್ಕೆ ಆಯುಧವಿಲ್ಲ. ನನ್ನ ಜೊತೆ ಕೆಲಸ ಮಾಡುವ ಬಾಲಾಜಿ ಚಾಕ್‌ಪೀಸ್ ಡಬ್ಬಿಗೆ ಕುಂಕುಮ ಇಟ್ಟ. ನಾನು ಯಾರೂ ನೋಡದಾಗ ಏಳನೇ ಪುಟಕ್ಕೂ ಸ್ವಲ್ಪ ಇಟ್ಟೆ. ನನಗೆ ಇಂಥದ್ದರಲ್ಲಿ ನಂಬಿಕೆ ಇಲ್ಲ.

ಅಕ್ಟೋಬರ್ 13, ಗುರುವಾರ

ಇವತ್ತು ಒಂದು ವಿಚಿತ್ರ ತಿಳಿಯಿತು. ಅಣ್ಣ ಆವಲಪ್ಪ ಮನೆಯ ಹಿಂದೆ ಶೀಟಿನ ರೂಮುಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟಿದ್ದಾನೆ. ಇರುವವರೆಲ್ಲ ಕೊಪ್ಪಳ, ರಾಯಚೂರಿನ ಕಡೆಯ ಗಾರೆ ಕೆಲಸದವರು. ಬೆಳಿಗ್ಗೆ ಬಟ್ಟೆ ಒಣಹಾಕಲು ಇಳಿದಾಗ ನಲ್ಲಿಯ ಹತ್ತಿರ ಕಲ್ಲಿನ ಮೇಲೆ ಕೂತು ಸವಿತಾ ಲೆಕ್ಕ ಮಾಡುತ್ತಿದ್ದಳು. ಇಲ್ಲೇನು ಮಾಡುತ್ತಿದ್ದೀಯ ಎಂದೆ. ಇಲ್ಲೇ ಇರುವುದು ಎಂದಳು.

ಅವಳ ತಾಯಿ ಮರೆವ್ವ ನಮ್ಮ ಕಾಲೇಜಿನ ಹೊಸ ಬ್ಲಾಕಿಗೇ ಇಟ್ಟಿಗೆ ಹೊರುತ್ತಾಳಂತೆ. ಎರಡು ವರ್ಷದಿಂದ ಇದ್ದಾರಂತೆ. ನಾನು ದಿನಾ ಅವರ ಬಾಗಿಲ ಮುಂದೆಯೇ ಹಾದು ಬಸ್ಸಿಗೆ ಹೋಗುತ್ತೇನೆ. ಅತ್ತಿಗೆ ಒಂದು ಮಾತು ಅಂದರು: “ನೀನು ನೆಲ ನೋಡ್ಕಂಡು ಓಗ್ತೀಯ, ಅನ್ಸೂಯ. ಇಂಗೆ ಇದ್ರೆ ಯಾರು ಕಾಣ್ತಾರೆ?”

ನೆಲ ನೋಡುವುದಿಲ್ಲ, ಏಳನೇ ಪುಟದ ಬಗ್ಗೆ ಯೋಚಿಸುತ್ತಿರುತ್ತೇನೆ. ಹೇಳಿದರೆ ಅರ್ಥವಾಗುವುದಿಲ್ಲ.

ಅಕ್ಟೋಬರ್ 20, ಗುರುವಾರ

ಬಾಲಾಜಿ ಒಂದು ದಾರಿ ಹೇಳಿದ. ಹೊಸದೊಂದು ಜರ್ನಲ್ ಇದೆಯಂತೆ, ಹೆಸರಿನಲ್ಲಿ ‘ಇಂಟರ್‌ನ್ಯಾಷನಲ್’ ಎಂದಿದೆಯಂತೆ. ಶುಲ್ಕ ಕಟ್ಟಿದರೆ ವಾರದೊಳಗೆ ಒಪ್ಪಿಗೆ. ಏಳನೇ ಪುಟವನ್ನೇನು, ಒಂದನೇ ಪುಟವನ್ನೂ ಅಲ್ಲಿ ಯಾರೂ ಓದುವುದಿಲ್ಲ. ಅವನದು ಆರು ಪ್ರಬಂಧ ಅಲ್ಲೇ ಬಂದಿದೆ. ಅವನು ಕೆಟ್ಟವನಲ್ಲ, ಮನೆ ಸಾಲ ಇದೆ, ಬಡ್ತಿ ಬೇಕು. ಲಕ್ಷ್ಮಯ್ಯನವರಿಗೂ ಹೇಳಿಬಿಟ್ಟಿದ್ದಾನೆ. ಶುಲ್ಕವನ್ನು ಕಾಲೇಜೇ ಕಟ್ಟುತ್ತದೆ ಎಂದು ಅವರು ಮಧ್ಯಾಹ್ನ ಫೋನು ಮಾಡಿದರು.

ನನ್ನ ಪ್ರಮೇಯದ ಸಾಧನೆ ಸರಿಯಾಗಿಯೇ ಇದೆ. ಅದು ಎಲ್ಲಿ ಅಚ್ಚಾದರೂ ಸರಿಯೇ ಅಲ್ಲವೆ.

ಅಕ್ಟೋಬರ್ 31, ಸೋಮವಾರ

ಭಿನ್ನರಾಶಿ ಮುಗಿಸಿ ಮತ್ತೆ ಸಿಲಬಸ್ಸಿಗೆ ಬಂದೆವು. ಈಗ ಓಟ. ಯಮನೂರ ಇವತ್ತು ಬೋರ್ಡಿನ ಮೇಲೆ ಇಡೀ ಲೆಕ್ಕ ಮಾಡಿ, ನಡುವೆ ನಿಂತು ‘ಇಲ್ಲಿ ಗೊತ್ತಿಲ್ಲ’ ಎಂದು ಬರೆದ. ಬರೆದಮೇಲೆ ಒಂದು ನಿಮಿಷ ಅದನ್ನೇ ನೋಡುತ್ತ ನಿಂತು, ಅಳಿಸಿ, ಸರಿಯಾದ ಸಾಲು ಬರೆದ. ಕ್ಲಾಸಿನವರು ಚಪ್ಪಾಳೆ ತಟ್ಟಿದರು. ಗಲಾಟೆ ಮಾಡಬೇಡಿ ಎಂದೆ. ಪಕ್ಕದ ಕ್ಲಾಸಿನವರು ದೂರು ಕೊಟ್ಟರೂ ಕೊಡಬಹುದು. ಕೊಟ್ಟರೆ ಕೊಡಲಿ, ಅವರ ಕ್ಲಾಸಿನಲ್ಲಿ ಏನಾಗುತ್ತದೆಂದು ನನಗೂ ಗೊತ್ತು.

ಗಮನಿಸಬೇಕಾದ್ದು: ಈ ವಾರ ಏಳನೇ ಪುಟ ತೆಗೆಯಲು ಆಗಲಿಲ್ಲ.

ನವೆಂಬರ್ 7, ಸೋಮವಾರ

ಬಾಲಾಜಿ ಹೇಳಿದ ಜರ್ನಲ್ಲಿಗೆ ಎಲ್ಲ ತುಂಬಿದೆ. ಕಳಿಸುವ ಬಟನ್ ಒತ್ತುವ ಮೊದಲು ಪ್ರಬಂಧವನ್ನು ಒಮ್ಮೆ ತೆರೆದೆ. ‘ಇದರಿಂದ ಸುಲಭವಾಗಿ ಕಾಣುತ್ತದೆ.’ ಆಮೇಲೆ ನೆಟ್ ಹೋಯಿತು. ನಮ್ಮ ಕಡೆ ಹೀಗೆ ಆಗಾಗ ಆಗುತ್ತದೆ.

ನವೆಂಬರ್ 8, ಮಂಗಳವಾರ

ನೆಟ್ ಹೋಯಿತೆಂದು ಹೇಳಿದೆ. ಬಾಲಾಜಿ ತನ್ನ ಡಾಂಗಲ್ ಕೊಟ್ಟ. ಅದನ್ನು ಬಸ್ಸಿನಲ್ಲಿ ಮರೆತುಬಂದೆ.

ನವೆಂಬರ್ 18, ಶುಕ್ರವಾರ

ಸಮಿತಿ ಬಂತು. ಮುಖ್ಯಸ್ಥರು ಉತ್ತರದ ಕಡೆಯವರು, ಕನ್ನಡ ಬಾರದು. ಗಣಿತದ ವಿಭಾಗದಲ್ಲಿ ಕೇಳಿದ ಮೊದಲ ಪ್ರಶ್ನೆ ಪ್ರಬಂಧದ್ದು. ಇನ್ನೂ ಪರಿಶೀಲನೆಯಲ್ಲಿದೆ ಎಂದೆ. ಲಕ್ಷ್ಮಯ್ಯನವರ ಮುಖ ಸಿಮೆಂಟಿನ ಹಾಗಾಯಿತು. ಹೊಸ ಬ್ಲಾಕಿನ ಚಿಲಕ ಅಲ್ಲಿಗೆ ಬಿತ್ತು.

ಆಮೇಲೆ ಮುಖ್ಯಸ್ಥರು ಡಿಪ್ಲೊಮಾ ಮ್ಯಾಥ್ಸಿನ ಉತ್ತರ ಪುಸ್ತಕಗಳನ್ನು ತಿರುವಿದರು. ಎಲ್ಲದರಲ್ಲೂ ಒಂದೇ ಕನ್ನಡ ಸಾಲು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಅರ್ಧ ಅಂಕ. ಇದೇನೆಂದು ಕೇಳಿದರು. ಲಕ್ಷ್ಮಯ್ಯನವರೂ ಅದನ್ನು ಅದೇ ಮೊದಲು ನೋಡಿದ್ದು. ಓದಿ, ಗಂಟಲು ಸರಿಮಾಡಿಕೊಂಡು, ವಿದ್ಯಾರ್ಥಿ ಇಲ್ಲಿ ಆಳವಾಗಿ ಯೋಚಿಸುತ್ತಿದ್ದಾನೆ ಎಂದು ಅರ್ಥ ಅಂತ ಇಂಗ್ಲಿಷಿನಲ್ಲಿ ಹೇಳಿದರು. ಮುಖ್ಯಸ್ಥರು ನನ್ನ ಕಡೆ ನೋಡಿದರು. ತಮಗೆ ಗೊತ್ತಿಲ್ಲ ಎಂದು ಬರೆದಿದ್ದಾರೆ, ನಾನು ಅಂಕ ಕೊಟ್ಟಿದ್ದೇನೆ ಎಂದೆ. ಅವರು ಏನೋ ಬರೆದುಕೊಂಡು ಊಟಕ್ಕೆ ಹೋದರು.

ಡಿಸೆಂಬರ್ 15, ಗುರುವಾರ

ಸಮಿತಿಯ ವರದಿಯಲ್ಲಿ ‘ಇಲ್ಲಿ ಗೊತ್ತಿಲ್ಲ’ವನ್ನು ಕಾಲೇಜಿನ ನವೀನ ಬೋಧನಾ ಕ್ರಮ ಎಂದು ಹೊಗಳಿದ್ದಾರೆ. ಲಕ್ಷ್ಮಯ್ಯನವರು ಅದನ್ನು ದೊಡ್ಡದಾಗಿ ಅಚ್ಚು ಹಾಕಿಸಿ ತಮ್ಮ ಕೋಣೆಯ ಹೊರಗೆ ತೂಗುಹಾಕಿದ್ದಾರೆ. ಫೋಟೋದಲ್ಲಿ ಅವರಿದ್ದಾರೆ. ಸಂಶೋಧನಾ ಕೇಂದ್ರ ಮುಂದಿನ ಸಲ ನೋಡೋಣ ಎಂದರು.

ಜನವರಿ 9, 2012, ಸೋಮವಾರ

ವಿಶ್ವವಿದ್ಯಾಲಯದ ಪರೀಕ್ಷೆ ಮುಗಿಯಿತು. ಸವಿತಾ ನಲ್ಲಿಯ ಹತ್ತಿರ ಸಿಕ್ಕಳು, ಚೆನ್ನಾಗಿ ಮಾಡಿದ್ದಾಳಂತೆ. ಅತ್ತಿಬೆಲೆಯ ಒಂದು ಮಷೀನ್ ಫ್ಯಾಕ್ಟರಿ ನಮ್ಮಲ್ಲಿಂದ ಪ್ರತಿ ವರ್ಷ ಒಬ್ಬರನ್ನು ತರಬೇತಿಗೆ ತೆಗೆದುಕೊಳ್ಳುತ್ತದೆ. ಓದು ಮುಗಿದ ಮೇಲೆ ಅಲ್ಲೇ ಕೆಲಸ. ಈ ಸಲ ಸವಿತಾಳನ್ನು ಆರಿಸಿದ್ದಾರೆ. ಯಾವ ವಿಷಯವೂ ಬಾಕಿ ಇರಬಾರದು ಎಂಬುದೊಂದೇ ಷರತ್ತು. ಮರೆವ್ವ ಶೀಟಿನ ರೂಮುಗಳಿಗೆಲ್ಲ ಚುರುಮುರಿ ಹಂಚಿದಳು, ನಮಗೂ ಒಂದು ತಟ್ಟೆ ಬಂತು.

ಫೆಬ್ರವರಿ 21, ಮಂಗಳವಾರ

ಫಲಿತಾಂಶ. ಸವಿತಾ ಫೇಲು. ಸ್ವಲ್ಪದರಲ್ಲಿ.

ಫೆಬ್ರವರಿ 24, ಶುಕ್ರವಾರ

ಉತ್ತರ ಪತ್ರಿಕೆಯ ಪ್ರತಿ ತರಿಸಿ ನೋಡಿದೆ. ಎರಡು ದೊಡ್ಡ ಲೆಕ್ಕಗಳಲ್ಲಿ, ಮೇಲಿನಿಂದಲೂ ಕೆಳಗಿನಿಂದಲೂ ಸರಿಯಾಗಿ ಬಂದು, ನಡುವೆ ಅಚ್ಚುಕಟ್ಟಾಗಿ ‘ಇಲ್ಲಿ ಗೊತ್ತಿಲ್ಲ’ ಎಂದು ಬರೆದಿದ್ದಾಳೆ. ಮೌಲ್ಯಮಾಪಕರಿಗೆ ಕನ್ನಡ ಬರುತ್ತದೆ. ಅದರ ಸುತ್ತ ಕೆಂಪು ಸುತ್ತು ಹಾಕಿ ಇಡೀ ಲೆಕ್ಕಕ್ಕೆ ಸೊನ್ನೆ ಕೊಟ್ಟಿದ್ದಾರೆ. ಆಗಸ್ಟಿನಲ್ಲಿ ಮಾಡಿದಂತೆ ಒಂದು ಸಮ ಚಿಹ್ನೆ ಹಾಕಿ ಕೂಡಿಸಿದ್ದರೆ ಪಾಸು.

ಯಮನೂರ ಪಾಸಾಗಿದ್ದಾನೆ. ಅವನು ಕೂಡಿಸಿದ್ದಾನಂತೆ. ದೊಡ್ಡ ಪರೀಕ್ಷೆ ಬೇರೆ ಅಲ್ಲೇನ್ರಿ ಮೇಡಂ, ಎಂದ. ಅದು ಅವನಿಗೆ ಗೊತ್ತಿತ್ತು. ಸವಿತಾಗೆ ಗೊತ್ತಾಗಲಿಲ್ಲ, ನಾನು ಹೇಳಲೂ ಇಲ್ಲ. ಮರುಮೌಲ್ಯಮಾಪನದಲ್ಲಿ ಏನಾದರೂ ಆಗುತ್ತದೆಯೇ ಎಂದು ಲಕ್ಷ್ಮಯ್ಯನವರನ್ನು ಕೇಳಲು ಹೋದೆ. ಅಂಥ ಸಾಲಿಗೆ ಯಾರು ಅಂಕ ಕೊಡುತ್ತಾರೆ ಮೇಡಂ ಎಂದರು. ಅವರ ಬಾಗಿಲ ಹೊರಗೆ ಆ ಸಾಲೇ ಚೌಕಟ್ಟಿನೊಳಗೆ ತೂಗುತ್ತಿತ್ತು. ಅತ್ತಿಬೆಲೆಯ ಸೀಟು ಯಮನೂರನಿಗೆ ಹೋಯಿತು.

ಬಸ್ಸಿನಲ್ಲಿ ಅಳು ಬಂತು. ಕಿಟಕಿ ಕಡೆ ತಿರುಗಿ ಕೂತೆ.

ಫೆಬ್ರವರಿ 26, ಭಾನುವಾರ

ಸವಿತಾಗೆ ಒಂದು ಮಾತು ಹೇಳಿಬಿಡಬೇಕು ಎಂದು ನಲ್ಲಿಯ ಹತ್ತಿರ ಹೋದೆ. ಪಾತ್ರೆ ತೊಳೆಯುತ್ತಿದ್ದಳು. ಮರೆವ್ವ ಬಾಗಿಲಲ್ಲಿ ಕೂತಿದ್ದಳು, ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಆ ಹೆಂಗಸು ಬೈದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

ಆ ಕ್ರಮ ನನ್ನ ಕ್ಲಾಸಿಗೆ ಮಾತ್ರ, ಮುಂದಿನ ಸಲ ದೊಡ್ಡ ಪರೀಕ್ಷೆಯಲ್ಲಿ ಹಾಗೆ ಬರೆಯಬೇಡ, ಎಲ್ಲರ ಹಾಗೆ ನಡುವೆ ಕೂಡಿಸಿಬಿಡು ಎಂದೆ. ಅವಳು ಕೈ ನಿಲ್ಲಿಸಿದಳು.

“ಹಂಗಾರ ಗೊತ್ತಿಲ್ದಿದ್ರೂ ಗೊತ್ತದ ಅಂತ ಬರೀಬೇಕೇನ್ರಿ ಮೇಡಂ?”

ಚುಚ್ಚಿ ಕೇಳಿದ್ದಲ್ಲ, ತಿಳಿಯಲೆಂದು ಕೇಳಿದ್ದು. ಕೊಡ ತುಂಬಿ ಹರಿಯುತ್ತಿದೆ ನೋಡು ಎಂದು ಹೇಳಿ ಮೇಲೆ ಬಂದೆ.

ಫೆಬ್ರವರಿ 27, ಸೋಮವಾರ

ವಿದೇಶದ ಜರ್ನಲ್ಲಿನ ಸಂಪಾದಕರಿಗೆ ಬರೆದೆ. ಪರಿಶೀಲಕರು ಏಳನೇ ಪುಟದ ಬಗ್ಗೆ ಕೇಳಿದ್ದು ಸರಿ. ಅಲ್ಲಿ ಮೇಲಿನಿಂದ ಇಷ್ಟು ಬರುತ್ತದೆ, ಕೆಳಗಿನಿಂದ ಇಷ್ಟು ಬರುತ್ತದೆ. ನಡುವೆ ನನಗೆ ಗೊತ್ತಿಲ್ಲ.

ಬರೆದು ಓದಿ ಕಳಿಸಿದೆ. ನೆಟ್ ಚೆನ್ನಾಗಿಯೇ ಇತ್ತು.

ಮಾರ್ಚ್ 12, ಸೋಮವಾರ

ಲಕ್ಷ್ಮಯ್ಯನವರು ಕರೆದು ಕಾಫಿ ಕೊಟ್ಟರು. ನವೀನ ಕ್ರಮದಿಂದ ಕಾಲೇಜಿಗೆ ಹೆಸರು ಬಂದಿದೆ, ಅದಕ್ಕೆ ಬಹುಮಾನವಾಗಿ ಇನ್ನು ಮುಂದೆ ಡಿಪ್ಲೊಮಾ ಮ್ಯಾಥ್ಸನ್ನು ನನ್ನಿಂದ ತೆಗೆದು ಬಾಲಾಜಿಗೆ ಕೊಡುತ್ತಾರಂತೆ. ಬೇಡ ಎಂದೆ. ಬಾಲಾಜಿಯ ಬೋರ್ಡಿನ ಅಕ್ಷರ ಹಿಂದಿನ ಬೆಂಚಿಗೆ ಕಾಣುವುದಿಲ್ಲ, ಅಷ್ಟೇ ಕಾರಣ. ಫೇಲಾದವರಿಗೆ ಬೆಳಿಗ್ಗೆ ಮೊದಲ ಗಂಟೆಗೂ ಮುಂಚೆ ಒಂದು ಕ್ಲಾಸು ಬೇಕು ಎಂದೂ ಹೇಳಿದೆ. ಕಾಫಿಗೆ ಸಕ್ಕರೆ ಕಡಿಮೆಯಾಗಿತ್ತು.

ಮಾರ್ಚ್ 22, ಗುರುವಾರ

ಸಂಪಾದಕರ ಉತ್ತರ ಬಂತು. ನಾಳೆ ಯುಗಾದಿ. ಬೇವು ಸಾಕಷ್ಟು ತಂದಿದ್ದೇವೆ.

ಮಾರ್ಚ್ 26, ಸೋಮವಾರ

ಬೆಳಗಿನ ಕ್ಲಾಸು. ಫೇಲಾದವರು ಹೆಚ್ಚಿಲ್ಲ, ಒಂದೆರಡು ಬೆಂಚಿಗೆ ಆಗುವಷ್ಟು. ಸವಿತಾ ಮುಂದಿನ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು. ಅವಳ ಉತ್ತರ ಪತ್ರಿಕೆಯ ಕೆಂಪು ಸುತ್ತಿನ ಲೆಕ್ಕವನ್ನೇ ಬೋರ್ಡಿನ ಮೇಲೆ ಹಾಕಿದೆ. ನಡುವಿನ ಸಾಲಿಗೆ ಬಂದಾಗ, ದೊಡ್ಡ ಪರೀಕ್ಷೆಯಲ್ಲಿ ಇಲ್ಲಿ ಏನು ಮಾಡಬೇಕೆಂದು ಸವಿತಾ ಅವತ್ತು ನಲ್ಲಿಯ ಹತ್ತಿರ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಇನ್ನೂ ಉತ್ತರವಿಲ್ಲ ಎಂದೆ. ಈ ಸಾಲು ಗೊತ್ತಾಗುವವರೆಗೆ ಇಲ್ಲೇ ಕೂರೋಣ, ಗೊತ್ತಾದರೆ ಆ ಪ್ರಶ್ನೆಯೇ ಬರುವುದಿಲ್ಲ ಎಂದೆ.

ಆಮೇಲೆ ಯಾಕೋ ಏಳನೇ ಪುಟದ ವಿಷಯವನ್ನೂ ಹೇಳಿಬಿಟ್ಟೆ. ಎಂಟು ವರ್ಷದ ಕೆಲಸ, ನಡುವೆ ಒಂದು ಕಡೆ ನಾನೂ ನಿಮ್ಮ ಹಾಗೇ ಕೂಡಿಸಿದ್ದೆ, ಹೋದ ತಿಂಗಳು ‘ಇಲ್ಲಿ ಗೊತ್ತಿಲ್ಲ’ ಎಂದು ಬರೆದು ಕಳಿಸಿದೆ ಎಂದೆ.

“ಅರ್ಧ ಮಾರ್ಕ್ ಕೊಟ್ರೇನ್ರಿ ಮೇಡಂ?” ಎಂದು ಸವಿತಾ ಕೇಳಿದಳು.

ಇಲ್ಲ ಎಂದೆ. ಪ್ರಬಂಧವನ್ನೇ ವಾಪಸು ಕಳಿಸಿದರು.

“ನನಗೂ ಕೊಡ್ಲಿಲ್ರಿ,” ಎಂದಳು.

ಬ್ಯಾಗನ್ನು ಎತ್ತಿ ಕೆಳಗಿಟ್ಟು, ಬೆಂಚಿನ ತುದಿಗೆ ಸರಿದು ಜಾಗ ಮಾಡಿದಳು. ಹೋಗಿ ಕೂತೆ. ಬೋರ್ಡು ಅಲ್ಲಿಂದ ಚೆನ್ನಾಗಿ ಕಾಣುತ್ತದೆ.